ನಾಬ್ ತಿರುಗಿಸಿದರೆ ಪೆಟ್ರೋಲು ಹುಟ್ಟುವುದೇ?

ಹೊಟೇಲಿನ ಹಿಂಬಾಗಿಲಲ್ಲಿ, ಗಿರಣಿಯ ಗೇಟಿನ ಮುಂದೆ ನಮ್ಮ ಬಂಧುಗಳು ಕೂಡಿದಾಗ ಸಂಬಳ ಭತ್ಯೆಗಳ ಮಾತಿನಷ್ಟೇ ಈಗ ಪೆಟ್ರೋಲಿನ ಮಾತೂ ನಡೆಯುತ್ತದೆ. ಅದು ಸಹಜವೇ. ನಸುಕಿನ ನಾಲ್ಕು ಗಂಟೆಗೆ ಇಡ್ಲಿ ಹಬೆಗೆ ಇಡಬೇಕಾದವನಿಗೂ ರಾತ್ರಿ ಪಾಳಿ ಮುಗಿಸಿ ಹೊರಬಿದ್ದವನಿಗೂ ಆ ಹೊತ್ತಿನಲ್ಲಿ ಹೈದರಾಬಾದಿನ ಬಸ್ಸು ಸಿಗುವುದು ಕಷ್ಟ. ಹಳೆಯ ಗಾಡಿಯೊಂದೇ ಗತಿ. ಇಂಥ ಗಾಡಿಯ ಕಾರ್ಬುರೇಟರಿಗೆ ‘ಜೆಟ್ ಹೊಂದಿಸುವ ನಾಬ್’ ಕೂಡಿಸಿದರೆ ಮೈಲೇಜು ಏರುವುದೆಂದು ಕೆಲವರು ನಂಬಿಸುತ್ತಿದ್ದಾರೆ.

ಬೀದರದ ಕಡೆಯ ನಮ್ಮ ಬಂಧುವೊಬ್ಬರು ಇದನ್ನು ನಂಬಿ ಒಂದು ವಾರದ ಸಂಬಳ ತೆತ್ತು ಬಂದರು. ಮೊದಲ ಹದಿನೈದು ದಿನ ಮೈಲೇಜು ಏರಿದ್ದೂ ನಿಜವೇ. ಆಮೇಲೆ ಮೇ ತಿಂಗಳ ಬಿಸಿಲಿನಲ್ಲಿ, ಹಿಂದೆ ಹಿಟ್ಟಿನ ಡಬ್ಬಿ ಕಟ್ಟಿಕೊಂಡು ಹೋಗುತ್ತಿದ್ದಾಗ, ಎಂಜಿನ್ನು ಸೀಜಾಗಿ ನಡುರಸ್ತೆಯಲ್ಲಿ ನಿಂತಿತು. ಪಿಸ್ಟನ್ನು, ಬೋರು, ಕೂಲಿ ಎಂದು ಹೋದ ಹಣ ಪೆಟ್ರೋಲಿನಲ್ಲಿ ಉಳಿದ ಹಣದ ಎಷ್ಟೋ ಪಟ್ಟು. “ತಪ್ಪು ನನ್ನದೋ, ಆ ನಾಬಿನದೋ, ನೀವೇ ಹೇಳಿರಿ” ಎಂದು ಅವರು ನಮ್ಮನ್ನು ಕೇಳಿದರು.

ಅಡಿಗೆಮನೆಯಲ್ಲಿ ದುಡಿಯುವವರಿಗೆ ಇದನ್ನು ತಿಳಿಸುವುದು ಕಷ್ಟವಲ್ಲ. ಒಲೆಯ ಬರ್ನರಿಗೆ ಗಾಳಿ ಸಾಲದಿದ್ದರೆ ಉರಿ ಹಳದಿಯಾಗಿ ಪಾತ್ರೆಯ ತಳ ಕಪ್ಪಾಗುತ್ತದೆ. ಗಾಳಿ ಮಿತಿಮೀರಿದರೆ ಉರಿ ಬರ್ನರನ್ನು ಬಿಟ್ಟು ಎದ್ದು ಭೋರೆನ್ನುತ್ತದೆ. ಎಂಜಿನ್ನಿನ ಒಳಗೂ ಇಂಥದೇ ಲೆಕ್ಕ. ಒಂದು ಪಾಲು ಪೆಟ್ರೋಲು ಪೂರ್ತಿ ಉರಿಯಲು ತೂಕದಲ್ಲಿ ಸುಮಾರು 14.7 ಪಾಲು ಗಾಳಿ ಬೇಕು. ಈ ಅಳತೆಯನ್ನು ಕಾಯುವುದೇ ಕಾರ್ಬುರೇಟರಿನ ಜೆಟ್ಟು: ತೂತುಳ್ಳ ಒಂದು ಪುಟ್ಟ ಹಿತ್ತಾಳೆಯ ತಿರುಪು. ಕೆಲವು ಕಂಪನಿಗಳ ಜೆಟ್ಟಿನ ಮೇಲೆ 100 ಎಂದಿದ್ದರೆ ಅದರ ತೂತು ಸರಿಯಾಗಿ ಒಂದು ಮಿಲಿಮೀಟರು. ಕೂದಲೆಳೆಯ ವ್ಯತ್ಯಾಸಕ್ಕೂ ಅಲ್ಲಿ ಬೆಲೆಯುಂಟು.

ಹಾಗಾದರೆ ಈ ನಾಬು ಮೋಸದ ವಸ್ತುವೇ? ಅಲ್ಲ. ಅದು ಹುಟ್ಟಿದ್ದು ಬೇರೆ ಕೆಲಸಕ್ಕೆ. ಅಮೆರಿಕದಲ್ಲಿ ಹಿಮದ ಮೇಲೆ ಓಡುವ ಗಾಡಿಗಳಿಗೂ ಕಾಡುಮೇಡುಗಳಲ್ಲಿ ಓಡುವ ನಾಲ್ಕು ಗಾಲಿಯ ಗಾಡಿಗಳಿಗೂ ಇಂಥದನ್ನು ಕೂಡಿಸುತ್ತಾರೆ. ಒಳಗಿನ ಜೆಟ್ಟನ್ನು ಬೇಕೆಂದೇ ಒಂದೆರಡು ಅಳತೆ ಚಿಕ್ಕದು ಮಾಡಿ, ಪೆಟ್ರೋಲು ನಿಲ್ಲುವ ಬಟ್ಟಲಿನಿಂದ ಹೊರಗೊಂದು ಸಣ್ಣ ಕೊಳವೆ ಎಳೆದು, ಕಡಿಮೆಬಿದ್ದ ಪೆಟ್ರೋಲನ್ನು ಕಾರ್ಬುರೇಟರಿನ ಬಾಯಿಗೆ ಕೊಡುತ್ತಾರೆ. ಎಷ್ಟು ಕೊಡಬೇಕೆಂಬುದನ್ನು ನಾಬಿನಿಂದ ಹೊಂದಿಸುವುದು. ಬೆಟ್ಟದ ಮೇಲೆ, ಕೈ ಮರಗಟ್ಟುವ ಚಳಿಯಲ್ಲಿ, ಕಾರ್ಬುರೇಟರು ಬಿಚ್ಚುವ ತಾಪತ್ರಯವಿಲ್ಲ. ಬುದ್ಧಿವಂತಿಕೆಯ ಕೆಲಸವೇ ಸರಿ.

ಲಡಾಖಿನ ಖಾರ್ದುಂಗ್ ಲಾ ಕಣಿವೆ 5,359 ಮೀಟರು ಎತ್ತರದಲ್ಲಿದೆ. ಅಲ್ಲಿನ ಗಾಳಿಯ ಸಾಂದ್ರತೆ ನಮ್ಮ ಹೈದರಾಬಾದಿನದರ ಐದರಲ್ಲಿ ಮೂರು ಪಾಲು ಮಾತ್ರ. ಇಲ್ಲಿ ಸರಿಯಾಗಿದ್ದ ಜೆಟ್ಟು ಅಲ್ಲಿ ಕಾಲುಭಾಗಕ್ಕಿಂತಲೂ ಹೆಚ್ಚು ಪೆಟ್ರೋಲು ಸುರಿಯುತ್ತದೆ. ಪ್ಲಗ್ಗು ಮಸಿಗಟ್ಟಿ ಗಾಡಿ ಉಸಿರು ಕಟ್ಟುತ್ತದೆ. ಅಂಥಲ್ಲಿಗೆ ಹೋಗುವವನಿಗೆ ನಾಬು ಬೇಕಾದೀತು. ಆದರೆ ಕಾಚಿಗುಡದಿಂದ ಸಿಕಂದರಾಬಾದಿಗೆ ದಿನವೂ ಹೋಗಿಬರುವವನು ಏರುವ ಬೆಟ್ಟ ಯಾವುದು? ಇಲ್ಲಿನ ಚಳಿಗಾಲದ ಬೆಳಗಿಗೂ ಮೇ ತಿಂಗಳ ಮಧ್ಯಾಹ್ನಕ್ಕೂ ಮಿಶ್ರಣದಲ್ಲಿ ಆಗುವ ವ್ಯತ್ಯಾಸ ನೂರಕ್ಕೆ ನಾಲ್ಕೈದು ಪಾಲು. ಅಷ್ಟನ್ನು ಸರಿಯಾದ ಕಾರ್ಬುರೇಟರು ತಾನೇ ತಾಳಿಕೊಳ್ಳುತ್ತದೆ. ಕುಂದಾಪುರದ ಕಡೆಯ ನಮ್ಮ ಗೆಳೆಯರು ಕೊಡಚಾದ್ರಿಯ ಜೀಪುಗಳ ಮಾತೆತ್ತಬಹುದು. 1,343 ಮೀಟರಿನ ಆ ಬೆಟ್ಟಕ್ಕೂ ವ್ಯತ್ಯಾಸ ನೂರಕ್ಕೆ ಏಳನ್ನು ದಾಟದು. ಮೇಲಾಗಿ ಆ ಜೀಪುಗಳು ಬಹುಪಾಲು ಡೀಸೆಲಿನವು. ಡೀಸೆಲ್ ಎಂಜಿನ್ನಿಗೆ ಕಾರ್ಬುರೇಟರೇ ಇಲ್ಲ!

ಇನ್ನು ಮೈಲೇಜು ಏರಿದ್ದು ಹೇಗೆ? ಚಿಕ್ಕ ಜೆಟ್ಟು ಹಾಕಿ, ನಾಬನ್ನು ಪೂರ್ತಿ ಮುಚ್ಚಿದ್ದರಿಂದ. ಎಂಜಿನ್ನನ್ನು ಉಪವಾಸ ಕೆಡವಿ ಉಳಿಸಿದ ಪೆಟ್ರೋಲದು. ಒಳಗೆ ಹೋಗುವ ಪೆಟ್ರೋಲು ಉರಿಯುವುದಷ್ಟೇ ಅಲ್ಲ, ಆವಿಯಾಗುವಾಗ ಒಳಭಾಗವನ್ನು ಒಂದಿಷ್ಟು ತಂಪೂ ಮಾಡುತ್ತದೆ. ಹೊರೆ ಹೊತ್ತು ಓಡುವಾಗ ಅದು ಸಾಲದಾದರೆ ಕಾವೇರಿ ಪಿಸ್ಟನ್ನು ಹಿಗ್ಗಿ ಹಿಡಿದುಕೊಳ್ಳುತ್ತದೆ. ಎಣ್ಣೆಯನ್ನು ಪೆಟ್ರೋಲಿನಲ್ಲೇ ಬೆರೆಸುವ ಟೂ ಸ್ಟ್ರೋಕ್ ಗಾಡಿಗಳಲ್ಲಂತೂ ಅಪಾಯ ಇಮ್ಮಡಿ. 1996ರಲ್ಲಿ ಮುಚ್ಚಿದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಯೆಜ್ಡಿ, ಹಳೆಯ ಎಕ್ಸೆಲ್ ಮೊಪೆಡ್ಡು, ಇವೆಲ್ಲ ಆ ಜಾತಿಯವು. ಪೆಟ್ರೋಲು ಕಡಿದರೆ ಎಣ್ಣೆಯನ್ನೂ ಕಡಿದಂತೆ. ನಮ್ಮ ಬಂಧುವಿನ ಗಾಡಿಗೆ ಆದದ್ದು ಇದೇ. ತಪ್ಪು ಅವರದಲ್ಲ, ನಾಬಿನದೂ ಅಲ್ಲ; ಬೆಟ್ಟದ ಸಾಮಾನನ್ನು ಮೈಲೇಜಿನ ಮದ್ದೆಂದು ಮಾರಿದವನದು.

ಮೆಕ್ಯಾನಿಕರೆಲ್ಲ ಹೀಗೆಂದು ನಾವು ಹೇಳುವುದಿಲ್ಲ. ಪುತ್ಲಿಬೌಲಿಯ ಸುತ್ತ ಪ್ಲಗ್ಗಿನ ಬಣ್ಣ ನೋಡಿಯೇ ಎಂಜಿನ್ನಿನ ಆರೋಗ್ಯ ಹೇಳುವ ಹುಡುಗರಿದ್ದಾರೆ. ಅವರೂ ನಮ್ಮಂತೆಯೇ ಕೂಲಿಕಾರರು. 2020ರ ಏಪ್ರಿಲಿನಿಂದ ಬಿ.ಎಸ್. 6 ನಿಯಮ ಬಂದು, ಹೊಸ ಗಾಡಿಗಳಲ್ಲಿ ಬಹುಪಾಲು ಕಾರ್ಬುರೇಟರೇ ಹೋಗಿ ಇಂಜೆಕ್ಷನ್ ಬಂದಿದೆ. ಅದರಲ್ಲಿ ಗಾಳಿಗೆ ತಕ್ಕಂತೆ ಪೆಟ್ರೋಲು ಅಳೆಯುವ ಕೆಲಸ ಕಂಪ್ಯೂಟರಿನದು. ಹಳೆಯ ಗಾಡಿ ಉಳಿದಿರುವುದು ಹೆಚ್ಚಾಗಿ ಬಡವರ ಕೈಯಲ್ಲಿ. ಅದನ್ನು ಬಲ್ಲ ಕೈಗಳಿಗೆ ಕೆಲಸ ಕಡಿಮೆಯಾದಾಗ ಇಂಥ ವ್ಯಾಪಾರಕ್ಕೆ ಇಳಿಯುವ ಆಸೆಯೂ ಹುಟ್ಟುತ್ತದೆ. ಆ ಹುಡುಗರಿಗೆ ಇಂಜೆಕ್ಷನ್ ಕೆಲಸ ಕಲಿಸುವ ಸಂಜೆಯ ತರಗತಿಗಳನ್ನು ಐ.ಟಿ.ಐ.ಗಳು ತೆರೆಯಬೇಕೆಂದು ಕೇಳುವುದು ಕಾರ್ಮಿಕ ಸಂಘಗಳ ಕೆಲಸವೆಂದು ನಾವು ಎಣಿಸುತ್ತೇವೆ.

ಅಲ್ಲಿಯವರೆಗೆ ಬಂಧುಗಳು ಮಾಡಬೇಕಾದದ್ದು ಇಷ್ಟು. ಮೈಲೇಜು ಇಳಿದರೆ ಮೊದಲು ಏರ್ ಫಿಲ್ಟರನ್ನು ಶುಚಿ ಮಾಡಿಸಿರಿ, ಟೈರಿನ ಗಾಳಿ ನೋಡಿರಿ, ಬ್ರೇಕು ಹಿಡಿದುಕೊಂಡು ಓಡುತ್ತಿದೆಯೇ ನೋಡಿರಿ. ಪ್ಲಗ್ಗು ಬಿಚ್ಚಿಸಿ ಕಣ್ಣಾರೆ ಕಾಣಿರಿ: ತುದಿ ತಿಳಿಗಂದಾಗಿದ್ದರೆ ಜೆಟ್ಟು ಸರಿಯಿದೆ, ಕಪ್ಪು ಮಸಿಯಿದ್ದರೆ ಪೆಟ್ರೋಲು ಹೆಚ್ಚು, ಸುಣ್ಣದಂತೆ ಬೆಳ್ಳಗಿದ್ದರೆ ಕಡಿಮೆ. ಜೆಟ್ಟು ಕಟ್ಟಿಕೊಂಡಿದ್ದರೆ ಗಾಳಿ ಊದಿಸಿದರೆ ಸಾಕು. ತಂತಿ ಚುಚ್ಚಲು ಬಿಡಬೇಡಿರಿ, ತೂತು ಅಗಲವಾದೀತು. ಜೆಟ್ಟನ್ನು ಬದಲಾಯಿಸಲೇಬೇಕಾದರೆ ಹಳೆಯದರ ಮೇಲಿನ ಅಂಕಿಯನ್ನು ಬರೆದಿಟ್ಟುಕೊಳ್ಳಿರಿ, ಆ ಜೆಟ್ಟನ್ನು ಕಾಗದದಲ್ಲಿ ಸುತ್ತಿಸಿ ಜೇಬಿಗೆ ಹಾಕಿಕೊಂಡು ಬನ್ನಿರಿ. ಅದು ನಿಮ್ಮ ಸೊತ್ತು.