ಕೋಡ್ ಆಮೇಲೆ, ಮೊದಲು ಒಂದು ಪುಟ

ಮಿನಿ ಪ್ರಾಜೆಕ್ಟ್ ಡೆಮೊ ದಿನವೇ ನಮ್ಮ ಟೀಮಿನ ಒಬ್ಬನಿಗೆ ಜ್ವರ. ಹಾಸ್ಟೆಲ್ ಮೆಸ್ಸಿಗೆ ನಾಳೆ ಎಷ್ಟು ಜನ ಊಟಕ್ಕೆ ಬರ್ತಾರೆ ಅಂತ ಲೆಕ್ಕ ಕೊಡೋ ಆ್ಯಪ್ ನಮ್ಮದು. ಡೇಟಾಬೇಸ್ ಸೆಟಪ್ ಮಾಡಿದ್ದು ಅವನೇ. ಉಳಿದ ಮೂವರ ಲ್ಯಾಪ್‌ಟಾಪಲ್ಲೂ ಅದು ರನ್ ಆಗಲಿಲ್ಲ. ಕೈಯಲ್ಲಿ ಸ್ಪೈರಲ್ ಬೈಂಡ್ ಮಾಡಿಸಿದ 40 ಪುಟದ ರಿಪೋರ್ಟ್ ಇತ್ತು. ಆದರೆ ಆ್ಯಪ್ ಹೇಗೆ ಶುರು ಮಾಡಬೇಕು ಅಂತ ಅದರಲ್ಲಿ ಒಂದು ಸಾಲೂ ಇರಲಿಲ್ಲ.

ನಮ್ಮಲ್ಲಿ ಡಾಕ್ಯುಮೆಂಟೇಶನ್ ಅಂದ್ರೆ ಕೊನೇ ರಾತ್ರಿ ಸೀನಿಯರ್ ಫೈಲ್ ತಂದು ಹೆಸರು, ಯುಎಸ್ಎನ್ ಬದಲಿಸೋದು. ಕೇಳಿದರೆ "ಈಗೆಲ್ಲ ಅಜೈಲ್, ಡಾಕ್ಯುಮೆಂಟ್ ಬೇಡ" ಅಂತೀವಿ. 2001ರ ಅಜೈಲ್ ಮ್ಯಾನಿಫೆಸ್ಟೊ ದೊಡ್ಡ ದೊಡ್ಡ ದಾಖಲೆಗಳಿಗಿಂತ ಕೆಲಸ ಮಾಡುವ ಸಾಫ್ಟ್‌ವೇರಿಗೆ ಹೆಚ್ಚು ಬೆಲೆ ಕೊಟ್ಟಿದ್ದು ನಿಜ. ದಾಖಲೆಗೂ ಬೆಲೆ ಇದೆ ಅಂತ ಅದೇ ಹೇಳುತ್ತದೆ. ಆ ಭಾಗವನ್ನು ನಾವು ಓದಲ್ಲ ಅಷ್ಟೆ.

40 ಪುಟ ಬೇಡ. ಕೋಡ್ ಶುರು ಮಾಡೋ ಮುಂಚೆ ಒಂದು ಪುಟ ಸಾಕು, ಅದರಲ್ಲಿ ನಾಲ್ಕು ವಿಷಯ.

ಒಂದು, ಇದು ಯಾರಿಗೆ, ಅವರ ಯಾವ ತೊಂದರೆಗೆ?

ಎರಡು, ಆ್ಯಪ್ ಏನು ಮಾಡುತ್ತೆ? ಇದೇ ರಿಕ್ವೈರ್‌ಮೆಂಟ್. "ಬಳಸಲು ಸುಲಭವಾಗಿರಬೇಕು" ಅಂತ ಬರೆದರೆ ಪ್ರಯೋಜನವಿಲ್ಲ, ಪರೀಕ್ಷಿಸೋಕೆ ಆಗಲ್ಲ. "ರಾತ್ರಿ 9ರೊಳಗೆ ನಾಳಿನ ಊಟ ಬೇಡ ಅಂತ ಹೇಳಬಹುದು" ಅಂತ ಬರೆದರೆ ಪರೀಕ್ಷಿಸಬಹುದು. ಏನು ಮಾಡಲ್ಲ ಅನ್ನೋದನ್ನೂ ಬರೀಬೇಕು, ಅದು ಸ್ಕೋಪ್. ನಾವು ಬರೀಲಿಲ್ಲ, ಮಧ್ಯದಲ್ಲಿ ಪೇಮೆಂಟ್ ಸೇರಿಸೋಕೆ ಹೋಗಿ ಒಂದು ವಾರ ಹಾಳಾಯ್ತು.

ಮೂರು, ಯಾರು ಯಾವುದನ್ನು ಯಾವಾಗ ಮುಗಿಸ್ತಾರೆ? ವಾಟ್ಸ್‌ಆ್ಯಪಲ್ಲಿ "ನೋಡ್ಕೋತೀನಿ ಮಚ್ಚಾ" ಅನ್ನೋದು ಪ್ಲಾನ್ ಅಲ್ಲ. ನಮ್ಮಲ್ಲಿ ಲಾಗಿನ್ ಪೇಜನ್ನು ಇಬ್ಬರು ಬರೆದರು, ಲೆಕ್ಕ ತೋರಿಸೋ ಪೇಜನ್ನು ಡೆಮೊ ಹಿಂದಿನ ದಿನದವರೆಗೂ ಯಾರೂ ಮುಟ್ಟಿರಲಿಲ್ಲ.

ನಾಲ್ಕು, ರನ್ ಮಾಡೋದು ಹೇಗೆ? ಇದೇ ರೀಡ್‌ಮಿ. ಏನೇನು ಇನ್‌ಸ್ಟಾಲ್ ಮಾಡಬೇಕು, ಯಾವ ಕಮಾಂಡ್ ಕೊಡಬೇಕು, ಅಷ್ಟೇ. ಕೆಲಸ ಮುಂದುವರಿದ ಹಾಗೆ ಇದನ್ನೂ ತಿದ್ದುತ್ತಾ ಹೋಗಬೇಕು. ರೂಮ್‌ಮೇಟ್ ಕೈಗೆ ಕೊಟ್ಟು ನೀವು ಬಾಯಿ ಮುಚ್ಚಿ ಕೂತುಕೊಳ್ಳಿ. ಅವನು ಎಲ್ಲಿ ನಿಂತನೋ ಅಲ್ಲಿ ಒಂದು ಸಾಲು ಬಿಟ್ಟಿದ್ದೀರಿ ಅಂತ ಅರ್ಥ.

"ಇದಕ್ಕೆ ಮಾರ್ಕ್ಸ್ ಇಲ್ವಲ್ಲ" ಅಂತೀರಾ? ನಮಗೆ ಡೆಮೊ ಮಾರ್ಕ್ಸೇ ಹೋಯ್ತು.

ಈ ಸೆಮಿಸ್ಟರ್ ನಾವು ಆ ಪುಟವನ್ನು ಮೊದಲು ಕನ್ನಡದಲ್ಲಿ ಬರೆದೆವು. ಇಂಗ್ಲಿಷ್ ಮೀಡಿಯಮಲ್ಲಿ ಓದಿದ ನಮಗೆ ಇಂಗ್ಲಿಷಲ್ಲಿ ದೊಡ್ಡ ಪದಗಳ ಹಿಂದೆ ಅವಿತುಕೊಳ್ಳೋದು ಸುಲಭ. ಕನ್ನಡದಲ್ಲಿ ಬರೆಯೋಕೆ ಕೂತಾಗಲೇ ನಮಗೇ ಏನು ಅರ್ಥವಾಗಿಲ್ಲ ಅಂತ ಗೊತ್ತಾಗಿದ್ದು.