ಬಾವುಟ ಕಾಣದಿದ್ದರೆ ಸಾಮ್ರಾಜ್ಯ ಅಲ್ಲವೇ?

ಅಮೆರಿಕ ಒಂದು ಸಾಮ್ರಾಜ್ಯ ಎಂದು ಕಳೆದ ಸಂಚಿಕೆಯಲ್ಲಿ ಬರೆದೆ. ಆಕ್ಷೇಪಗಳು ಸಾಕಷ್ಟು ಬಂದಿವೆ. "ಅತ್ತಿಗುಂಡಿಯಲ್ಲಿ ಕೂತವರಿಗೆ ವಾಷಿಂಗ್ಟನ್ನಿನ ಉಸಾಬರಿ ಏಕೆ?" ಎಂಬುದಕ್ಕೆ ಹೆಚ್ಚು ಹೊತ್ತು ಬೇಡ. ಯೆಮನ್ನಿನಿಂದ ಬಂದ ಕಾಫಿ ಬೀಜ ಬೆಳೆದು, ನ್ಯೂಯಾರ್ಕಿನ ಅರೇಬಿಕಾ ದರ ನೋಡಿಕೊಂಡು ಪಾರ್ಚ್‌ಮೆಂಟ್ ಮಾರುವವರು ನಾವು. ಹೊರಗಿನ ಲೋಕದ ಉಸಾಬರಿ ಇಲ್ಲದೆ ಬಾಬಾಬುಡನ್‌ಗಿರಿ ದಾರಿಯಲ್ಲಿ ಒಂದು ಮೂಟೆಯೂ ಇಳಿಯುವುದಿಲ್ಲ.

ಎರಡನೆಯದು ಎಲ್ಲರೂ ಎತ್ತಿದ ಮಾತು. ಸಾಮ್ರಾಜ್ಯ ಅಂದರೆ ನೆಲ ಗೆಲ್ಲಬೇಕು, ಗವರ್ನರನನ್ನು ಕೂರಿಸಬೇಕು. ಅಮೆರಿಕ ಹಾಗೆ ಮಾಡಿಲ್ಲ ಎಂದು. ಮಾಡಿದೆ. 1898ರಲ್ಲಿ ಸ್ಪೇನಿನ ಕೈಯಿಂದ ಫಿಲಿಪ್ಪೀನ್ಸ್, ಪೋರ್ಟೊರಿಕೊ, ಗ್ವಾಮ್ ಮೂರನ್ನೂ ತೆಗೆದುಕೊಂಡಿತು. ಫಿಲಿಪ್ಪೀನ್ಸನ್ನು ಬಿಟ್ಟದ್ದು 1946ರಲ್ಲಿ. ಉಳಿದೆರಡು ಈಗಲೂ ಅದರ ಕೈಯಲ್ಲೇ ಇವೆ. ಅಲ್ಲಿ ವಾಸಿಸುವವರಿಗೆ ಅಮೆರಿಕದ ಅಧ್ಯಕ್ಷರ ಚುನಾವಣೆಯಲ್ಲಿ ಮತವಿಲ್ಲ. ಆದರೆ ನನ್ನ ನಿಜವಾದ ತಕರಾರು ಈ ಅಳತೆಗೋಲಿನ ಮೇಲೆಯೇ. ಇದನ್ನು ಒಪ್ಪಿದರೆ ಬ್ರಿಟಿಷ್ ಸಾಮ್ರಾಜ್ಯದಿಂದ ನಮ್ಮ ಮೈಸೂರನ್ನೇ ಹೊರಗಿಡಬೇಕಾಗುತ್ತದೆ.

1920ರಲ್ಲಿ ಈ ಬೆಟ್ಟಗಳಿಂದ ಹೊರಟವನು ಚಾರ್ಮಾಡಿ ಘಾಟಿ ಇಳಿದರೆ ಸಿಗುತ್ತಿದ್ದದ್ದು ದಕ್ಷಿಣ ಕನ್ನಡ: ಮದ್ರಾಸ್ ಪ್ರಾಂತ್ಯ, ನೇರ ಬ್ರಿಟಿಷ್ ಆಡಳಿತ, ಕಲೆಕ್ಟರ್. ದಕ್ಷಿಣಕ್ಕೆ ಹೋದರೆ ಕೊಡಗು: 1834ರಲ್ಲಿ ಚಿಕ್ಕವೀರರಾಜೇಂದ್ರನನ್ನು ಇಳಿಸಿ ಈಸ್ಟ್ ಇಂಡಿಯಾ ಕಂಪನಿ ವಶಪಡಿಸಿಕೊಂಡ ಸೀಮೆ, ಚೀಫ್ ಕಮಿಷನರ್ ಕೈಯಲ್ಲಿ. ಹೊರಟ ಊರಿನಲ್ಲಿ ಮಾತ್ರ ನಾಲ್ವಡಿ ಕೃಷ್ಣರಾಜ ಒಡೆಯರ ರಾಜ್ಯ, ಗಂಡಭೇರುಂಡದ ಲಾಂಛನ, ದಿವಾನರು, ಪ್ರಜಾಪ್ರತಿನಿಧಿ ಸಭೆ. ಅಕ್ಕಪಕ್ಕದಲ್ಲೇ ಮೂರು ಬಗೆಯ ಆಡಳಿತ; ಮೂರರ ಮೇಲೂ ಇದ್ದದ್ದು ಒಂದೇ ಸಾಮ್ರಾಜ್ಯ.

ಮೈಸೂರನ್ನು ಕಟ್ಟಿಹಾಕಿದ್ದು 1799ರ ಒಪ್ಪಂದ. ರಕ್ಷಣೆಗೆ ಕಂಪನಿಯ ಸೈನ್ಯ, ಅದಕ್ಕೆ ವರ್ಷಕ್ಕೆ ಏಳು ಲಕ್ಷ ವರಹ, ಅಂದರೆ ಸುಮಾರು 24.5 ಲಕ್ಷ ರೂಪಾಯಿ ಪೊಗದಿ. ಪರದೇಶದ ಜೊತೆ ಸ್ವಂತ ವ್ಯವಹಾರ ಕೂಡದು. ಆಡಳಿತ ಸರಿಯಿಲ್ಲ ಎನಿಸಿದರೆ ಕಂಪನಿಯೇ ಕೈಗೆತ್ತಿಕೊಳ್ಳಬಹುದು. ನಗರ ಸೀಮೆಯ ರೈತರು ದಂಗೆಯೆದ್ದ ಮೇಲೆ, 1831ರಲ್ಲಿ, ಕೈಗೆತ್ತಿಕೊಂಡಿತು ಕೂಡ. ಮುಂದಿನ ಐವತ್ತು ವರ್ಷ ಕಮಿಷನರುಗಳ ಆಳ್ವಿಕೆ. ನಮ್ಮ ಗುಡ್ಡಗಳಲ್ಲಿ ಬಿಳಿಯರ ಎಸ್ಟೇಟುಗಳು ಹಬ್ಬಿದ್ದು ಆಗಲೇ. 1881ರಲ್ಲಿ ರಾಜ್ಯವನ್ನು ಮರಳಿಸುವಾಗಲೂ ಷರತ್ತುಗಳ ಪಟ್ಟಿ ಉದ್ದವಿತ್ತು: ಅಪ್ಪಣೆಯಿಲ್ಲದೆ ಹೊಸ ಕೋಟೆ ಕಟ್ಟುವಂತಿಲ್ಲ, ಹಳೆಯದನ್ನು ರಿಪೇರಿ ಮಾಡುವಂತಿಲ್ಲ, ಬೆಂಗಳೂರಿನ ದಂಡು ಪ್ರದೇಶ ಬ್ರಿಟಿಷರ ಪ್ರತಿನಿಧಿಯಾದ ರೆಸಿಡೆಂಟರ ಕೈಯಲ್ಲೇ ಉಳಿಯಬೇಕು. ಅದು ಮೈಸೂರಿಗೆ ಬಂದದ್ದು 1947ರಲ್ಲಿ.

ಅದೇ ಮೈಸೂರು 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಗಣಿಗೆ ವಿದ್ಯುತ್ ಹರಿಸಿತು, 1916ರಲ್ಲಿ ವಿಶ್ವವಿದ್ಯಾನಿಲಯ ಕಟ್ಟಿತು. ಮನೆಯೊಳಗಿನ ಕೆಲಸಕ್ಕೆ ಯಾರ ಅಡ್ಡಿಯೂ ಇರಲಿಲ್ಲ ಎನ್ನುವವರಿದ್ದಾರೆ. ಹಗ್ಗ ಉದ್ದ ಬಿಟ್ಟ ಮಾತ್ರಕ್ಕೆ ದನ ಗೂಟ ಕಿತ್ತುಕೊಂಡಂತಾಗುವುದಿಲ್ಲ. ಸೈನ್ಯ, ಪರದೇಶ ವ್ಯವಹಾರ, ಮತ್ತು ಸಿಂಹಾಸನದಲ್ಲಿ ಯಾರು ಕೂರಬೇಕೆಂಬ ಪ್ರಶ್ನೆ: ಈ ಮೂರರಲ್ಲಿ ಕೊನೆಯ ಮಾತು ಯಾರದು ಎಂಬುದೇ ನನ್ನ ಅಳತೆ. ಈಗ ಕ್ಯೂಬಾ ನೋಡಿ. ಅಗತ್ಯ ಕಂಡಾಗ ಮಧ್ಯೆ ಪ್ರವೇಶಿಸುವ ಹಕ್ಕನ್ನು ಅಮೆರಿಕ 1901ರಲ್ಲಿ ಆ ದೇಶದ ಸಂವಿಧಾನದಲ್ಲೇ ಬರೆಸಿತು. 1903ರಲ್ಲಿ ಗ್ವಾಂಟನಾಮೊವನ್ನು ಗುತ್ತಿಗೆಗೆ ಪಡೆಯಿತು. ಆ ಹಕ್ಕು 1934ರಲ್ಲಿ ಹೋಯಿತು, ನೌಕಾನೆಲೆ ಹೋಗಲಿಲ್ಲ. ಬೆಂಗಳೂರು ದಂಡಿನ ಚರಿತ್ರೆ ಗೊತ್ತಿರುವವರಿಗೆ ಇದರಲ್ಲಿ ಹೊಸದೇನೂ ಕಾಣದು.

ಮೂರನೆಯ ಆಕ್ಷೇಪಕ್ಕೆ ತೂಕವಿದೆ. ಅಮೆರಿಕದ ಮಿತ್ರರಾಷ್ಟ್ರಗಳು ಮನಸಾರೆ ಜೊತೆಗಿವೆ, ಬೇಡವೆಂದರೆ ಹೊರಡಬಹುದು ಎನ್ನುತ್ತಾರೆ. 1966ರಲ್ಲಿ ಫ್ರಾನ್ಸಿನ ದ ಗಾಲ್ ನೇಟೋದ ಸೇನಾ ವ್ಯವಸ್ಥೆಯಿಂದ ಹೊರಬಂದರು, ಅಮೆರಿಕದ ಪಡೆಗಳು ಗಂಟುಮೂಟೆ ಕಟ್ಟಿದವು. 1991ರಲ್ಲಿ ಫಿಲಿಪ್ಪೀನ್ಸಿನ ಸೆನೆಟ್ ಬೇಡವೆಂದಿತು, ಮರುವರ್ಷ ನೆಲೆಗಳು ಖಾಲಿಯಾದವು. ಬ್ರಿಟಿಷರ ರೆಸಿಡೆಂಟ್ ಹೀಗೆ ಎದ್ದು ಹೋಗುತ್ತಿರಲಿಲ್ಲ. ಈ ವ್ಯತ್ಯಾಸ ದೊಡ್ಡದು. ಆದರೆ ಬಾಗಿಲು ಎಲ್ಲರಿಗೂ ತೆರೆದಿತ್ತೇ? 1954ರಲ್ಲಿ ಗ್ವಾಟೆಮಾಲದ ಅರ್ಬೆನ್ಸ್ ಭೂಸುಧಾರಣೆಗೆ ಕೈಹಾಕಿದ್ದಕ್ಕೆ ಸಿಐಎ ಮುಂದೆ ನಿಂತು ಅವರನ್ನು ಇಳಿಸಿತು. ಅದೂ ಕಾಫಿ ಬೆಳೆಯುವ ನಾಡು, ಕುದುರೆಗುಂಡಿಯವರಿಗೋ ಕೊಪ್ಪದವರಿಗೋ ಅರ್ಥವಾಗುವ ಜಮೀನಿನ ಜಗಳ. ಅದಕ್ಕೂ ಮುಂಚೆ, 1953ರಲ್ಲಿ, ಇರಾನಿನ ಮೊಸಾದೆಗ್ ಸರ್ಕಾರವನ್ನು ಬ್ರಿಟನ್ ಜೊತೆ ಸೇರಿ ಉರುಳಿಸಿ ಶಾ ದೊರೆಯ ಕೈ ಬಲಪಡಿಸಿತ್ತು.

ಈ ಶಾ ನಮ್ಮ ಮಗ್ಗುಲಿಗೂ ಬಂದವನೇ. 1976ರಲ್ಲಿ ಕುದುರೆಮುಖ ಕಬ್ಬಿಣದ ಅದಿರು ಕಂಪನಿ ಹುಟ್ಟಿದ್ದು ಇರಾನಿನ ಸಾಲ ನಂಬಿಕೊಂಡು, ಇರಾನಿನ ಉಕ್ಕಿನ ಕಾರ್ಖಾನೆಗಳಿಗೆ ಅದಿರು ಕಳಿಸಲು. 1979ರಲ್ಲಿ ಶಾ ಓಡಿಹೋದ, ಸಾಲವೂ ನಿಂತಿತು, ಗಿರಾಕಿಯೂ ತಪ್ಪಿದ. ಭದ್ರೆಯ ತೀರದ ಗಣಿ ಬೇರೆ ದೇಶಗಳ ಬಾಗಿಲು ತಟ್ಟಬೇಕಾಯಿತು. ಇದಕ್ಕೆ ಅಮೆರಿಕ ನೇರ ಹೊಣೆ ಎಂದು ನಾನೇನೂ ಹೇಳುವುದಿಲ್ಲ. ಒಂದು ಸಿಂಹಾಸನಕ್ಕೆ ಹೊರಗಿನಿಂದ ಒತ್ತು ಕೊಟ್ಟರೆ ಅದರ ಅದುರು ಕಳಸದ ತನಕ ಬರುತ್ತದೆ ಎಂಬುದಷ್ಟೇ ನನ್ನ ಮಾತು.

ಅಮೆರಿಕ ಪ್ರಜಾಪ್ರಭುತ್ವ, ಆದ್ದರಿಂದ ಸಾಮ್ರಾಜ್ಯವಾಗಲಾರದು ಎಂಬುದು ನಾಲ್ಕನೆಯದು. ವಿಕ್ಟೋರಿಯಾ ಭಾರತದ ಚಕ್ರವರ್ತಿನಿ ಎನಿಸಿಕೊಂಡಾಗ ಲಂಡನ್ನಿನಲ್ಲಿ ಪಾರ್ಲಿಮೆಂಟೇ ಆಳುತ್ತಿತ್ತು. ಮುಂದಕ್ಕೆ ಹೋಗೋಣ.

ನನ್ನ ಪರವಾಗಿಯೇ ಬರೆದವರಿಗೂ ಒಂದು ಉತ್ತರ ಸಲ್ಲಬೇಕು. "ನ್ಯೂಯಾರ್ಕ್ ದರ ಕಟ್ಟುತ್ತದೆ, ನಾವು ತಲೆಬಾಗುತ್ತೇವೆ, ಇದಕ್ಕಿಂತ ದೊಡ್ಡ ಸಾಮ್ರಾಜ್ಯ ಬೇಕೆ?" ಇಲ್ಲ ಸ್ವಾಮಿ, ಇದು ಸಂತೆ. ಸಂತೆಯಲ್ಲಿ ಪೆಟ್ಟು ತಿಂದವನೆಲ್ಲ ಗುಲಾಮನಲ್ಲ. 1962ರ ಅಂತರರಾಷ್ಟ್ರೀಯ ಕಾಫಿ ಒಪ್ಪಂದಕ್ಕೆ ಅಮೆರಿಕ ಸೇರಿದ್ದರ ಹಿಂದೆ, ಕ್ಯೂಬಾದ ಕ್ರಾಂತಿ ಬೇರೆಡೆಗೆ ಹಬ್ಬೀತೆಂಬ ಭಯ ಇತ್ತು, ನಿಜ. 1989ರ ಜುಲೈನಲ್ಲಿ ಆ ಒಪ್ಪಂದದ ರಫ್ತು ಕೋಟಾ ಮುರಿದುಬಿದ್ದಾಗ ದರ ಪಾತಾಳಕ್ಕಿಳಿದದ್ದೂ ನಿಜ. ಆದರೆ ಆ ಮುರಿತದಲ್ಲಿ ತನ್ನ ಪಾಲು ಬಿಡೆನೆಂದು ಹಠ ಹಿಡಿದ ಬ್ರೆಜಿಲ್ಲಿನ ಕೈಯೂ ಇತ್ತು. ನಮ್ಮ ಕಾಫಿಯ ದೊಡ್ಡ ಗಿರಾಕಿ ಆಗ ಅಮೆರಿಕವೂ ಅಲ್ಲ, ರೂಪಾಯಿ ಲೆಕ್ಕದಲ್ಲಿ ಕೊಳ್ಳುತ್ತಿದ್ದ ಸೋವಿಯತ್ ಒಕ್ಕೂಟ. ಆ ಗಿರಾಕಿ 1956ರಲ್ಲಿ ಹಂಗೆರಿಗೆ, 1968ರಲ್ಲಿ ಚೆಕೊಸ್ಲೊವಾಕಿಯಾಕ್ಕೆ ಟ್ಯಾಂಕು ನುಗ್ಗಿಸಿತ್ತು. ನನ್ನ ಅಳತೆಯಲ್ಲಿ ಅದೂ ಸಾಮ್ರಾಜ್ಯವೇ. ನಮ್ಮ ಚೆರಿ ಕೊಂಡಿತೆಂದು ರಿಯಾಯಿತಿ ಕೊಡಲಾರೆ.

"ಹಾಗಾದರೆ ಭಾರತವೂ ಅಮೆರಿಕದ ಸಾಮ್ರಾಜ್ಯದೊಳಗೆ ಇದೆಯೇ?" ಎಂದು ಒಬ್ಬರು ಸವಾಲು ಹಾಕಿದ್ದಾರೆ. ಬರದ ವರ್ಷಗಳಲ್ಲಿ, 1965-66ರಲ್ಲಿ, ಅಧ್ಯಕ್ಷ ಜಾನ್ಸನ್ ಗೋಧಿಯ ಹಡಗುಗಳನ್ನು ಸ್ವಲ್ಪಸ್ವಲ್ಪವೇ ಬಿಟ್ಟು ನಮ್ಮನ್ನು ಬಗ್ಗಿಸಲು ನೋಡಿದರು. 1971ರಲ್ಲಿ ಬಂಗಾಳ ಕೊಲ್ಲಿಗೆ ಅಮೆರಿಕದ ಯುದ್ಧನೌಕೆಗಳು ಬಂದವು. ಆದರೂ ನನ್ನ ಉತ್ತರ: ಇಲ್ಲ. ಮೈಸೂರಿನ ಮಹಾರಾಜರು ಹಳೆಯ ಕೋಟೆಯ ಗೋಡೆ ರಿಪೇರಿಗೂ ವೈಸ್‌ರಾಯರ ಅಪ್ಪಣೆ ಕೇಳಬೇಕಿತ್ತು. 1998ರ ಮೇ ತಿಂಗಳಲ್ಲಿ ದೆಹಲಿ ಯಾರನ್ನೂ ಕೇಳದೆ ಪೋಖ್ರಾನಿನಲ್ಲಿ ಅಣುಬಾಂಬ್ ಪರೀಕ್ಷಿಸಿತು, ನಿರ್ಬಂಧಗಳನ್ನು ಹೇರಿಸಿಕೊಂಡಿತು, ಸರ್ಕಾರವನ್ನು ಬದಲಿಸಲು ಹೊರಗಿನಿಂದ ಯಾರೂ ಬರಲಿಲ್ಲ.