ವಾಮಂಜೂರಿನ ಆ ಮನೆಯವರನ್ನೂ ಕೇಳಿ

ಮಾನ್ಯ ಗೃಹ ಸಚಿವರೇ,

1994ರ ಫೆಬ್ರವರಿಯಲ್ಲಿ ಮಂಗಳೂರಿನ ವಾಮಂಜೂರಿನಲ್ಲಿ ಒಂದೇ ಮನೆಯ ನಾಲ್ವರ ಕೊಲೆಯಾಯಿತು. ಕೊಂದವನು ಸಂಬಂಧಿಕನೇ. ಸುಪ್ರೀಂ ಕೋರ್ಟ್ 2003ರಲ್ಲಿ ಅವನ ಮರಣದಂಡನೆಯನ್ನು ಎತ್ತಿಹಿಡಿಯಿತು. ಕ್ಷಮಾದಾನದ ಅರ್ಜಿ ವರ್ಷಗಟ್ಟಲೆ ಕೊಳೆತದ್ದರಿಂದ 2014ರ ಜನವರಿಯಲ್ಲಿ ಆ ಶಿಕ್ಷೆ ಜೀವಾವಧಿಗೆ ಇಳಿಯಿತು. 2022ರಲ್ಲಿ ಸನ್ನಡತೆಯ ಮೇಲೆ ಬಿಡುಗಡೆಯ ಮಾತು ಬಂದಾಗ ಮನೆಯವರು ಪೊಲೀಸ್ ಕಮಿಷನರ್ ಅವರನ್ನು ಕಂಡು, ಬಿಡಬೇಡಿ ಎಂದು ಬೇಡಿಕೊಂಡರು.

ಯಾರನ್ನೂ ಬಿಡಬೇಡಿ ಎಂದು ನಾನು ಬರೆಯುತ್ತಿಲ್ಲ. ವಕೀಲರಿಗೆ ಫೀಸು ಕೊಡಲಾಗದ, ಫೈಲಿನ ಹಿಂದೆ ಅಲೆಯಲು ಯಾರೂ ಇಲ್ಲದ ಜೀವಾವಧಿ ಕೈದಿ 14 ವರ್ಷ ಕಳೆದರೂ ಒಳಗೇ ಮುದುಕನಾಗುವುದು ಅನ್ಯಾಯ. ಅವಧಿಗೆ ಮುನ್ನ ಬಿಡುಗಡೆಯ ನೀತಿಯಿರುವ ರಾಜ್ಯಗಳು ಅರ್ಜಿಗೆ ಕಾಯದೆ ಅರ್ಹ ಕೈದಿಗಳ ಬಿಡುಗಡೆಯನ್ನು ಪರಿಶೀಲಿಸಬೇಕು, ಕಾರಣ ಬರೆದು ಕೈದಿಗೆ ತಿಳಿಸಬೇಕು ಎಂದು 2025ರ ಫೆಬ್ರವರಿ 18ರಂದು ಸುಪ್ರೀಂ ಕೋರ್ಟ್ ಹೇಳಿದ್ದು ಸರಿಯಾಗಿಯೇ ಇದೆ.

ಅದೇ ಕಾರಣವನ್ನು ಸತ್ತವರ ಮನೆಗೂ ತಿಳಿಸಿ. ಶಿಕ್ಷೆ ಕೊಟ್ಟ ನ್ಯಾಯಾಧೀಶರ ಅಭಿಪ್ರಾಯ ಕೇಳಲು ಕಾನೂನಿನಲ್ಲಿ ದಾರಿಯಿದೆ, ಠಾಣೆಯಿಂದ ವರದಿ ತರಿಸುತ್ತೀರಿ. ತಾಯಿಯನ್ನೋ ಮಗಳನ್ನೋ ಕಳೆದುಕೊಂಡವರು ಮಾತ್ರ ಸುದ್ದಿ ಕಿವಿಗೆ ಬಿದ್ದ ಮೇಲೆ ಮನವಿ ಹಿಡಿದು ಓಡಬೇಕೇ? ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದಲ್ಲಿ ಮೂಡುಬಿದಿರೆ ಬಸ್ಸು ಹತ್ತಿದಾಗ, ಎದುರಿನ ಸೀಟಿನಲ್ಲಿ ಕೊಂದವನ ಮುಖ ಕಂಡೇ ಅವರಿಗೆ ಬಿಡುಗಡೆಯ ವಿಷಯ ಗೊತ್ತಾಗಬೇಕೇ? ಗುಜರಾತ್ ಸರಕಾರ 2022ರ ಆಗಸ್ಟ್ 15ರಂದು ಹನ್ನೊಂದು ಮಂದಿ ಅಪರಾಧಿಗಳನ್ನು ಬಿಟ್ಟಾಗ ಆ ಪ್ರಕರಣದ ಸಂತ್ರಸ್ತೆ ಬಿಲ್ಕಿಸ್ ಬಾನು ಮತ್ತೆ ಕೋರ್ಟಿನ ಮೆಟ್ಟಿಲು ಹತ್ತಬೇಕಾಯಿತು. 2024ರ ಜನವರಿ 8ರಂದು ಆ ಬಿಡುಗಡೆ ರದ್ದಾಯಿತು.

ಇಂಗ್ಲೆಂಡಿನಲ್ಲಿ ಕೊಲೆಗೆ ಜೀವಾವಧಿ ಪಡೆದವನು ಹೊರಬಂದರೂ ಬದುಕಿರುವಷ್ಟು ಕಾಲ ಷರತ್ತಿಗೆ ಒಳಪಟ್ಟೇ ಇರುತ್ತಾನೆ. ಪ್ರೊಬೇಷನ್ ಅಧಿಕಾರಿಯ ಕಣ್ಣು ಅವನ ಮೇಲಿರುತ್ತದೆ, ಷರತ್ತು ಮುರಿದರೆ ಮತ್ತೆ ಜೈಲು. ಬಯಸಿದ ಕುಟುಂಬಕ್ಕೆ ಮುಂಚಿತವಾಗಿ ಮಾಹಿತಿ ಹೋಗುತ್ತದೆ, ಇಂಥ ಕಡೆ ಅವನು ಬರಕೂಡದು ಎಂದು ಕೇಳುವ ಅವಕಾಶವೂ ಅವರಿಗಿದೆ. ಷರತ್ತು ಹಾಕುವ, ಮುರಿದರೆ ಬಿಡುಗಡೆ ರದ್ದುಮಾಡುವ ಅಧಿಕಾರ ನಮ್ಮ ನಾಗರಿಕ ಸುರಕ್ಷಾ ಸಂಹಿತೆಯಲ್ಲೂ ಇದೆ. ಅದನ್ನು ಬಳಸಿ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಮೂಲಕ ಪ್ರತಿ ಕುಟುಂಬಕ್ಕೂ ನೋಟಿಸ್ ಕೊಡಿಸಿ, ಅವರ ಹೇಳಿಕೆಯನ್ನು ಕಡತಕ್ಕೆ ಸೇರಿಸಿ. ಅವರು ಬೇಡವೆಂದ ಮಾತ್ರಕ್ಕೆ ಬಿಡುಗಡೆ ನಿಲ್ಲಬೇಕಿಲ್ಲ, ಆದರೆ ಅವರ ಭಯಕ್ಕೆ ಆದೇಶದಲ್ಲೇ ಉತ್ತರ ಇರಬೇಕು.

ಬಿಡುಗಡೆಯ ಮುಂದಿನ ಪಟ್ಟಿ ರಾಜ್ಯಪಾಲರಿಗೆ ಹೋಗುವ ಮುನ್ನ ಇಷ್ಟನ್ನು ಮಾಡುತ್ತೀರಾ?

ಇತಿ,
ಮಂಗಳೂರಿನ ಒಬ್ಬ ನಾಗರಿಕ